ಫೋಟೋ ಫೋನಿನಲ್ಲಿದೆ, ಫೋನ್ ಎಲ್ಲಿದೆ?

ಪ್ರಶ್ನೆ: ಮೊದಲ ಸಲ ಒಬ್ಬಳೇ ವಿದೇಶಕ್ಕೆ ಹೊರಟಿದ್ದೇನೆ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಇನ್ಶೂರೆನ್ಸ್ ಎಲ್ಲದರ ಫೋಟೋ ಮೊಬೈಲ್‌ನಲ್ಲಿದೆ. ಇಷ್ಟು ಸಾಕಲ್ವಾ?

ಉತ್ತರ: ಸಾಲದು. ಪಾಸ್‌ಪೋರ್ಟೂ ಫೋನೂ ಸಾಮಾನ್ಯವಾಗಿ ಒಂದೇ ಕೈಚೀಲದಲ್ಲಿರುತ್ತವೆ. ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ. ಪಾಸ್‌ಪೋರ್ಟಿನ ಫೋಟೋ ಪುಟ, ವೀಸಾ ಪುಟ ಎರಡನ್ನೂ ಜೆರಾಕ್ಸ್ ಮಾಡಿಸಿ. ಒಂದು ಪ್ರತಿ ಸೂಟ್‌ಕೇಸಿನಲ್ಲಿರಲಿ, ಇನ್ನೊಂದು ಮನೆಯವರ ಹತ್ತಿರ. ಹಾಳೆಯ ಹಿಂದೆ ಪೆನ್ನಿನಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳಿ: ಅಲ್ಲಿರುವ ನಿಮ್ಮ ದೇಶದ ರಾಯಭಾರ ಕಚೇರಿಯ ವಿಳಾಸ, ಉಳಿಯುವ ಜಾಗದ ವಿಳಾಸ, ಕಾರ್ಡ್ ಬ್ಲಾಕ್ ಮಾಡಿಸುವ ನಂಬರ್, ಮನೆಯವರ ನಂಬರ್. ನಗಬೇಡಿ, ಈಗ ಮನೆಯವರ ನಂಬರೇ ಯಾರ ಬಾಯಿಗೂ ಬರುವುದಿಲ್ಲ. ಪಾಸ್‌ಪೋರ್ಟ್ ಅಳತೆಯ ಎರಡು ಫೋಟೋ, ಬೇರೆ ಜಾಗದಲ್ಲಿ ಇನ್ನೊಂದು ಕಾರ್ಡ್ ಕೂಡ ಇರಲಿ.

ಇದನ್ನೆಲ್ಲ ಪೆಟ್ಟು ತಿಂದು ಕಲಿತವಳು ನಾನು. ಕೆಲವು ವರ್ಷದ ಹಿಂದೆ ಎರಡು ದೇಶ ನೋಡಲು ಹೊರಟಿದ್ದೆ. ಮೊದಲ ಊರಿನಲ್ಲಿ, ರೂಮ್ ಖಾಲಿ ಮಾಡುವ ಬೆಳಿಗ್ಗೆ ಪಾಸ್‌ಪೋರ್ಟ್ ಕಾಣಲಿಲ್ಲ. ಹತ್ತು ನಿಮಿಷ ಹುಡುಕಿದೆ. ಕೈಕಾಲು ನಡುಗುತ್ತಿತ್ತು. ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿ ಹಿಡಿದು ರಾಯಭಾರ ಕಚೇರಿಗೆ ಓಡಿದೆ. ಅಲ್ಲಿ ಮೊದಲು ಕೇಳಿದ್ದೇ ಪಾಸ್‌ಪೋರ್ಟ್ ನಂಬರ್. ಪುಣ್ಯಕ್ಕೆ ಜೆರಾಕ್ಸ್ ಇತ್ತು. ತುರ್ತು ಪ್ರಯಾಣ ಪತ್ರ ಸಿಕ್ಕಿತು. ಆದರೆ ಅದು ವಾಪಸ್ ಬರಲು ಮಾತ್ರ. ಎರಡನೇ ದೇಶದ ವೀಸಾ ಹಳೇ ಪುಸ್ತಕದ ಜೊತೆಗೇ ಹೋಯಿತು.

ಆ ರಾತ್ರಿ ಬಟ್ಟೆ ಜೋಡಿಸುವಾಗ ಬೆರಳಿಗೆ ಏನೋ ಗಟ್ಟಿಯಾಗಿ ತಾಗಿತು. ಸೂಟ್‌ಕೇಸಿನ ಅಸ್ತರು ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟಿತ್ತು. ಪಾಸ್‌ಪೋರ್ಟ್ ಅದರೊಳಗೆ ಜಾರಿ ಕೂತಿತ್ತು! ಕುಣಿಯುವ ಹಾಗಿರಲಿಲ್ಲ. ಕಳೆದಿದೆ ಎಂದು ದೂರು ಕೊಟ್ಟ ಮೇಲೆ ಆ ಪಾಸ್‌ಪೋರ್ಟ್ ರದ್ದು. ಅಂಥ ನಂಬರುಗಳು ದೇಶದೇಶಗಳ ಪೊಲೀಸರ ಒಕ್ಕೂಟವಾದ ಇಂಟರ್‌ಪೋಲ್ 2002ರಲ್ಲಿ ಶುರು ಮಾಡಿದ, ಕಳೆದ ಮತ್ತು ಕದ್ದ ಪಾಸ್‌ಪೋರ್ಟುಗಳ ಪಟ್ಟಿಗೂ ಸೇರುತ್ತವೆ. ಸಿಕ್ಕಿತಲ್ಲ ಎಂದು ಅದನ್ನೇ ತೋರಿಸಿದರೆ ಇಮಿಗ್ರೇಷನ್‌ನಲ್ಲಿ ಸಿಕ್ಕಿಬೀಳುವವರು ನಾವೇ. ಹಾಗಾಗಿ ಮೊದಲು ಚೀಲವನ್ನೆಲ್ಲ ಮಂಚದ ಮೇಲೆ ಸುರಿದು, ಅಸ್ತರನ್ನೂ ತಡವಿ ನೋಡಿ. ನಿಜಕ್ಕೂ ಇಲ್ಲ ಅಂತಾದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ.

ಪ್ರಶ್ನೆ: ವೀಸಾ ಇನ್ನೂ ಒಂದು ವರ್ಷ ಇದೆ. ಪಾಸ್‌ಪೋರ್ಟ್ ಅವಧಿ ಮಾತ್ರ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಹತ್ತು ದಿನ ಹೋಗಿ ಬರಬಹುದಾ?

ಉತ್ತರ: ಎಲ್ಲಿಗೆ ಎಂದು ಬರೆದಿಲ್ಲ ನೀವು. ತುಂಬಾ ದೇಶಗಳು ಪಾಸ್‌ಪೋರ್ಟಿನಲ್ಲಿ ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ಯುರೋಪಿನ ಷೆಂಗೆನ್ ದೇಶಗಳಿಗೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳು ಸಾಕು. ನಿಮ್ಮ ಲೆಕ್ಕ ಅಲ್ಲಿಗೆ ಕಷ್ಟಪಟ್ಟು ಹೊಂದುತ್ತದೆ, ಬೇರೆ ಕಡೆಗೆ ವಿಮಾನದ ಕೌಂಟರ್‌ನಲ್ಲೇ ನಿಲ್ಲಿಸಿಬಿಡಬಹುದು. ದಾಖಲೆ ಸರಿಯಿಲ್ಲದವರನ್ನು ಕರೆದೊಯ್ದರೆ ದಂಡ ಬೀಳುವುದು ವಿಮಾನ ಕಂಪನಿಗೆ. ಅದಕ್ಕೇ ಅವರಿಗೆ ಅಷ್ಟು ಬಿಗಿ. ನನ್ನ ಕೇಳಿದರೆ ಪಾಸ್‌ಪೋರ್ಟ್ ನವೀಕರಿಸಿಕೊಂಡೇ ಹೊರಡಿ. ಹಳೇ ಪುಸ್ತಕದಲ್ಲಿರುವ ವೀಸಾ ನಡೆಯುತ್ತದಾ ಎಂದು ಆ ದೇಶದ ರಾಯಭಾರ ಕಚೇರಿಯನ್ನು ಕೇಳಿ. ಹಲವು ಕಡೆ ಎರಡೂ ಪುಸ್ತಕ ಜೊತೆಗಿದ್ದರೆ ಒಪ್ಪುತ್ತಾರೆ.

ಪ್ರಶ್ನೆ: ಅಮ್ಮನಿಗೆ ಬಿಪಿ, ಶುಗರ್ ಎರಡೂ ಇದೆ, ಇನ್ಸುಲಿನ್ ತಗೋತಾರೆ. ಮಾತ್ರೆಗಳನ್ನೆಲ್ಲ ಬಿಡಿಸಿ ಒಂದು ಡಬ್ಬಿಗೆ ಹಾಕಿಕೊಡಲಾ?

ಉತ್ತರ: ಬೇಡ. ಬಿಡಿ ಮಾತ್ರೆ ನೋಡಿ ಅದು ಯಾವುದು ಎಂದು ಕಸ್ಟಮ್ಸ್‌ನವರಿಗೆ ಹೇಗೆ ಗೊತ್ತಾಗಬೇಕು? ಸ್ಟ್ರಿಪ್‌ನಲ್ಲೇ ಇರಲಿ. ವೈದ್ಯರ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಬರೆಸಿ. ಬ್ರ್ಯಾಂಡ್ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಇನ್ಸುಲಿನ್ ಅಮ್ಮನ ಕೈಚೀಲದಲ್ಲೇ ಇರಬೇಕು. ಲಗೇಜ್ ಜೊತೆ ಕೆಳಗೆ ಹೋಗಿ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು.

ನೆಗಡಿ, ಕೆಮ್ಮಿನ ಔಷಧದ ಬಗ್ಗೆಯೂ ಹುಷಾರು. ಕಟ್ಟಿದ ಮೂಗು ಬಿಡಿಸುವ ಸೂಡೋಎಫೆಡ್ರಿನ್ ಶೇ. 10ಕ್ಕಿಂತ ಜಾಸ್ತಿ ಇರುವ ಔಷಧ ಜಪಾನಿಗೆ ಒಯ್ಯುವಂತಿಲ್ಲ. ಕೆಮ್ಮು ತಗ್ಗಿಸುವ, ಅಫೀಮಿನ ಜಾತಿಯ ಕೋಡೀನ್ ಇರುವ ಔಷಧಕ್ಕೆ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಮೊದಲೇ ಅನುಮತಿ ಬೇಕು. ಇರಲಿ ಅಂತ ಸುಮ್ನೆ ಚೀಲಕ್ಕೆ ತುರುಕುವ ಸಿರಪ್ ಬಾಟಲಿಯ ಲೇಬಲ್ ಒಮ್ಮೆ ಓದಿ.