ಥೀಸಿಸ್ ಅಧ್ಯಾಯವನ್ನು ಇಂಗ್ಲಿಷ್ ಭಾಷಾವಿಜ್ಞಾನದ ಜರ್ನಲ್‌ಗೆ ಹಾಗೇ ಕಳಿಸಬಹುದಾ?

ಇಂಗ್ಲಿಷ್ ಕ್ರಿಯಾಪದಗಳ 'ಇಂಗ್' ರೂಪದ ಮೇಲೆ ಬರೆದ ಥೀಸಿಸ್ ಅಧ್ಯಾಯ ಇದೆ, ಅದನ್ನೇ ಜರ್ನಲ್‌ಗೆ ಕಳಿಸಲಾ ಅಂತ ಕೇಳಿದ್ದೀರಿ. ಹಾಗೇ ಕಳಿಸಬೇಡಿ. ನಾನು ಕಳಿಸಿದ್ದೆ. ಎರಡೇ ವಾರಕ್ಕೆ ವಾಪಸ್ ಬಂತು, ವಿಮರ್ಶಕರ (ಲೇಖನ ಓದಿ ಜರ್ನಲ್‌ಗೆ ಅಭಿಪ್ರಾಯ ಹೇಳುವ ಆ ಕ್ಷೇತ್ರದ ತಜ್ಞರ) ಕೈಗೂ ಹೋಗಿರಲಿಲ್ಲ. ಇದರಲ್ಲಿ ನಿಮ್ಮ ಹೊಸ ಮಾತು ಯಾವುದು ಅಂತ ಸಂಪಾದಕರು ಕೇಳಿದ್ದರು.

ಥೀಸಿಸ್‌ನಲ್ಲಿ ನಾವು ಎಷ್ಟು ಓದಿದ್ದೇವೆ ಅಂತ ತೋರಿಸಬೇಕಾಗುತ್ತದೆ. ಲೇಖನಕ್ಕೆ ಅದು ಬೇಡ. ಒಂದು ಪ್ರಶ್ನೆ, ಅದಕ್ಕೆ ನಿಮ್ಮ ಉತ್ತರ, ಉತ್ತರಕ್ಕೆ ಬೇಕಾದಷ್ಟು ಪುರಾವೆ ಸಾಕು. ಹಿಂದಿನವರು ಏನು ಹೇಳಿದ್ದಾರೆ ಅನ್ನುವ 14 ಪುಟವನ್ನು ನಾನು ಎರಡು ಪುಟಕ್ಕೆ ಇಳಿಸಿದೆ. ವರ್ಷಗಟ್ಟಲೆ ಓದಿದ್ದನ್ನು ಅಳಿಸುವಾಗ ಸಂಕಟ ಆಗುತ್ತದೆ, ನಿಜ. ಆದರೆ ಉಳಿದ ಎರಡು ಪುಟದಲ್ಲಿ ನನ್ನ ಪ್ರಶ್ನೆ ಮೊದಲ ಸಲ ಸ್ಪಷ್ಟವಾಗಿ ಕಂಡಿತು.

ಕತ್ತರಿ ಹಾಕುವ ಮೊದಲೇ ಜರ್ನಲ್ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ಕೇಂಬ್ರಿಡ್ಜ್ 1997ರಿಂದ ತರುತ್ತಿರುವ 'ಇಂಗ್ಲಿಷ್ ಲ್ಯಾಂಗ್ವೇಜ್ ಅಂಡ್ ಲಿಂಗ್ವಿಸ್ಟಿಕ್ಸ್'ನಲ್ಲಿ ಇಂಗ್ಲಿಷ್‌ನ ರಚನೆ, ಅದರ ಚರಿತ್ರೆಯ ಮೇಲಿನ ಲೇಖನಗಳು ಬರುತ್ತವೆ. 'ಇಂಗ್ಲಿಷ್ ವರ್ಲ್ಡ್-ವೈಡ್'ಗೆ ಬೇಕಾಗಿರುವುದು ಬೇರೆ ಬೇರೆ ಕಡೆಯ ಇಂಗ್ಲಿಷ್‌ಗಳ ವಿಷಯ. ನಿಮ್ಮ ದತ್ತಾಂಶ ಎರಡಕ್ಕೂ ಹೊಂದಬಹುದು, ಆದರೆ ಕೇಳುವ ಪ್ರಶ್ನೆ ಬದಲಾಗಬೇಕು. ಕಳೆದ ಎರಡು ವರ್ಷದ ಸಂಚಿಕೆಗಳನ್ನು ಓದಿ. ಅಲ್ಲಿ ನಡೆಯುತ್ತಿರುವ ಮಾತುಕತೆಯಲ್ಲಿ ನಿಮ್ಮ ಲೇಖನ ಎಲ್ಲಿ ಸೇರುತ್ತದೆ ಅಂತ ಗೊತ್ತಾಗುತ್ತದೆ.

ಈಗ ಉದಾಹರಣೆಗಳು. ನನ್ನ ಪ್ರಕಾರ ನಮ್ಮ ಲೇಖನದ ಜೀವ ಇರುವುದೇ ಅಲ್ಲಿ. ಪ್ರತಿ ಉದಾಹರಣೆಗೂ ನಂಬರ್ ಬೇಕು, ಎಲ್ಲಿಂದ ತೆಗೆದಿದ್ದು ಅಂತ ಪಕ್ಕದಲ್ಲೇ ಇರಬೇಕು. 'ಶಿ ಈಸ್ ನೋಯಿಂಗ್ ದ ಆನ್ಸರ್' ಅನ್ನುವುದರ ಮುಂದೆ ನಕ್ಷತ್ರ ಹಾಕಿದರೆ, ಅದು ವ್ಯಾಕರಣಕ್ಕೆ ಒಗ್ಗುವುದಿಲ್ಲ ಅಂತ ಹೇಳಿದ ಹಾಗೆ. ಹಾಗಂತ ಹೇಳಿದವರು ಯಾರು? ಯಾವ ಇಂಗ್ಲಿಷ್‌ನಲ್ಲಿ ಒಗ್ಗುವುದಿಲ್ಲ? ಉತ್ತರ ಲೇಖನದಲ್ಲೇ ಇರಲಿ. ನಾನು ಸುಮ್ನೆ ತಲೆಯಿಂದ ಕಟ್ಟಿದ್ದ ಒಂದು ವಾಕ್ಯವನ್ನು ವಿಮರ್ಶಕರೊಬ್ಬರು ನೇರವಾಗಿ ಹಿಡಿದು ಕೇಳಿದ್ದರು.

ಎಣಿಕೆಯಲ್ಲೂ ಜಾಗ್ರತೆ. ಕಾರ್ಪಸ್ ಅಂದರೆ ಭಾಷೆಯ ಅಧ್ಯಯನಕ್ಕೆ ಅಂತ ಒಟ್ಟುಗೂಡಿಸಿದ ಬರಹ, ಮಾತುಗಳ ಸಂಗ್ರಹ. ಬ್ರೌನ್ ಕಾರ್ಪಸ್‌ನಲ್ಲಿರುವುದು ಸುಮಾರು 10 ಲಕ್ಷ ಪದ, ಎಲ್ಲವೂ 1961ರಲ್ಲಿ ಅಮೆರಿಕದಲ್ಲಿ ಅಚ್ಚಾದ ಬರಹ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ ಸುಮಾರು 10 ಕೋಟಿ ಪದ. ನಿಮ್ಮ ರೂಪ ಮೊದಲನೆಯದರಲ್ಲಿ 40 ಸಲ, ಎರಡನೆಯದರಲ್ಲಿ 900 ಸಲ ಸಿಕ್ಕಿತು ಅಂದುಕೊಳ್ಳಿ. ಎರಡನೆಯದರಲ್ಲೇ ಜಾಸ್ತಿ ಅನ್ನಿಸುತ್ತದೆ, ಅಲ್ವಾ? 10 ಲಕ್ಷ ಪದಕ್ಕೆ ಎಷ್ಟು ಅಂತ ಲೆಕ್ಕ ಹಾಕಿದರೆ 40 ಮತ್ತು 9. ಚಿತ್ರವೇ ತಿರುಗಿತು. ಅದೂ ಅಲ್ಲದೆ ಬ್ರಿಟಿಷ್ ಕಾರ್ಪಸ್‌ನ ಹತ್ತರಲ್ಲಿ ಒಂದು ಪಾಲು ಆಡುಮಾತು. ಬರಹವನ್ನು ಬರಹದ ಜೊತೆಗೇ ಹೋಲಿಸಿ.

ಫಾರ್ಮ್ಯಾಟಿಂಗ್ ವಿಷಯ ಸರಳ. ಭಾಷಾವಿಜ್ಞಾನದ ಜರ್ನಲ್ ಸಂಪಾದಕರು 2007ರಲ್ಲಿ ಒಪ್ಪಿಕೊಂಡ 'ಯೂನಿಫೈಡ್ ಸ್ಟೈಲ್ ಶೀಟ್' ಅನ್ನುವ ಒಂದು ನಿಯಮಪಟ್ಟಿ ಇದೆ. ಆದರೂ ಜರ್ನಲ್‌ನ ಸ್ವಂತ ಸೂಚನೆಗಳೇ ಅಂತಿಮ. ಚರ್ಚೆಗೆ ತೆಗೆದುಕೊಂಡ ಪದಕ್ಕೆ ಇಟಾಲಿಕ್, ಅದರ ಅರ್ಥಕ್ಕೆ ಒಂಟಿ ಉದ್ಧರಣ ಚಿಹ್ನೆ ಹಾಕುವುದು ನಮ್ಮಲ್ಲಿ ಎಲ್ಲರೂ ಪಾಲಿಸುವ ರೂಢಿ.

ವಿಮರ್ಶಕರಿಗೆ ಲೇಖಕರ ಹೆಸರು ತಿಳಿಯಬಾರದು ಅನ್ನುವ ಜರ್ನಲ್ ಆದರೆ, ಮೊದಲ ಪುಟದಿಂದ ಹೆಸರು ತೆಗೆದರೆ ಮುಗಿಯಲಿಲ್ಲ. ವರ್ಡ್ ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ಹೆಸರು ಕೂತಿರುತ್ತದೆ. ಕೃತಜ್ಞತೆಯ ಸಾಲು, 'ನಾನು ಹಿಂದೆ ತೋರಿಸಿದಂತೆ' ಅನ್ನುವ ಮಾತು, ಎರಡೂ ಗುಟ್ಟು ಬಿಟ್ಟುಕೊಡುತ್ತವೆ. ಇದು ಥೀಸಿಸ್‌ನಿಂದ ಬಂದದ್ದು ಅಂತ ಸಂಪಾದಕರಿಗೆ ಬರೆಯುವ ಕವರ್ ಲೆಟರ್‌ನಲ್ಲಿ ಮಾತ್ರ ಹೇಳಿ. ಇನ್ನು, ಒಂದು ಲೇಖನ ಒಂದು ಸಲಕ್ಕೆ ಒಂದೇ ಜರ್ನಲ್‌ಗೆ. ಅಲ್ಲಿಂದ ತೀರ್ಮಾನ ಬರುವ ತನಕ ಬೇರೆ ಕಡೆ ಕಳಿಸುವ ಹಾಗಿಲ್ಲ.

ತಿಂಗಳುಗಟ್ಟಲೆ ಕಾದ ಮೇಲೆ 'ಮೇಜರ್ ರಿವಿಷನ್', ಅಂದರೆ ದೊಡ್ಡ ತಿದ್ದುಪಡಿ ಮಾಡಿ ಮತ್ತೆ ಕಳಿಸಿ ಅಂತ ಬಂದರೆ ಕುಗ್ಗಬೇಡಿ, ಅದು ಒಳ್ಳೆಯ ಸುದ್ದಿ. ನಾನು ವಿಮರ್ಶಕರ ಪ್ರತಿ ಮಾತನ್ನೂ ಕಾಪಿ ಮಾಡಿ, ಕೆಳಗೆ ಏನು ಬದಲಾಯಿಸಿದೆ, ಯಾವ ಪುಟದಲ್ಲಿ ಅಂತ ಬರೆದೆ. ಒಂದು ಕಡೆ ಅವರು ಹೇಳಿದ್ದು ಸರಿ ಅನ್ನಿಸಲಿಲ್ಲ. ಅವರು ಹೇಳಿದ ಹಾಗೆ ಉದಾಹರಣೆಗಳನ್ನು ಮತ್ತೆ ವಿಂಗಡಿಸಿ ಎಣಿಸಿದೆ, ಫಲಿತಾಂಶ ಬದಲಾಗಲಿಲ್ಲ. ಆ ಕೋಷ್ಟಕವನ್ನು ಉತ್ತರದಲ್ಲೇ ಹಾಕಿ, ಈ ಭಾಗ ಹಾಗೇ ಬಿಟ್ಟಿದ್ದೇನೆ ಅಂತ ಬರೆದೆ. ಸಂಪಾದಕರು ಒಪ್ಪಿದರು.