ಬೋರ್ ಹೋಗಿದೆ ಅನ್ನುವ ಮೊದಲು ಒಂದು ಚಮಚ ಎಣ್ಣೆ

ಪ್ರಶ್ನೆ: 2010ರ ಆಲ್ಟೊ ಒಂದನ್ನು ಕೊಳ್ಳೋಣ ಅಂತಿದ್ದೇನೆ. ಮೀಟರ್‌ನಲ್ಲಿ 92,000 ಕಿ.ಮೀ. ಇದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರುತ್ತದೆ, ಆಮೇಲೆ ನಿಲ್ಲುತ್ತದೆ. ನಮ್ಮ ಮೆಕ್ಯಾನಿಕ್ ಕಂಪ್ರೆಷನ್ (ಸಿಲಿಂಡರ್‌ನಲ್ಲಿ ಪಿಸ್ಟನ್ ಗಾಳಿ ಅದುಮುವ ಒತ್ತಡ) ನೋಡಿದರು. ಮೂರು ಸಿಲಿಂಡರ್‌ಗಳಲ್ಲಿ 150, 110, 145 ಪಿಎಸ್‌ಐ ಬಂತು. ‘ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್‌ನ ಒಳಗೋಡೆ) ಹೋಗಿದೆ, ಎಂಜಿನ್ ಇಳಿಸಲೇಬೇಕು’ ಅಂದರು. ಮಾರುವವರು ‘ಹಳೇ ಗಾಡಿ ಸಾರ್, ಇಷ್ಟು ಹೊಗೆ ಇದ್ದೇ ಇರುತ್ತೆ’ ಅನ್ನುತ್ತಾರೆ. ಯಾರನ್ನು ನಂಬಲಿ? – ಓದುಗರೊಬ್ಬರು, ಹಾಸನ

ಉತ್ತರ: ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ. ಮೀಟರ್‌ನಲ್ಲಿರುವ 92,000ವನ್ನೂ ಅಷ್ಟೇ.

ನಿಮ್ಮ ಮೆಕ್ಯಾನಿಕ್ ಹೊಗೆಯನ್ನೂ 110ನ್ನೂ ಒಂದೇ ಗಂಟು ಹಾಕಿದ್ದಾರೆ. ಅವು ಬೇರೆ ಬೇರೆ ಕಾಯಿಲೆ ಇರಬಹುದು. ಬೆಳಗ್ಗೆ ಒಮ್ಮೆ ಬುಸ್ಸೆಂದು ಹೊಗೆ ಬಂದು ನಿಂತರೆ ಅದು ಹೆಚ್ಚಾಗಿ ವಾಲ್ವ್ ಸೀಲ್ (ವಾಲ್ವ್ ಕಡ್ಡಿಯ ಸುತ್ತ ಎಣ್ಣೆ ತಡೆಯುವ ರಬ್ಬರ್). ರಾತ್ರಿಯಿಡೀ ಹೆಡ್‌ನಿಂದ (ಸಿಲಿಂಡರ್ ಮೇಲಿನ, ವಾಲ್ವ್‌ಗಳಿರುವ ಭಾಗ) ಎಣ್ಣೆ ಜಿನುಗಿರುತ್ತದೆ, ಬೆಳಗ್ಗೆ ಅದು ಸುಡುತ್ತದೆ. ಶಿರಾಡಿ ಘಾಟಿಯನ್ನು ಗೇರ್‌ನಲ್ಲೇ ಇಳಿಸಿ, ಗುಂಡ್ಯದ ಹತ್ತಿರ ಆಕ್ಸಿಲರೇಟರ್ ಒತ್ತಿದಾಗ ಒಂದು ಸಲ ನೀಲಿ ಹೊಗೆ ಉಗುಳಿದರೂ ಮೊದಲು ಸೀಲನ್ನೇ ಅನುಮಾನಿಸಿ. ರಿಂಗ್ (ಪಿಸ್ಟನ್ ಸುತ್ತಲಿನ ಬಳೆ), ಬೋರ್ ಸವೆದ ಗಾಡಿ ಹಾಗಲ್ಲ. ಏರಿನಲ್ಲಿ ಎಂಜಿನ್ ಮೇಲೆ ಭಾರ ಬಿದ್ದಷ್ಟು ಹೊತ್ತೂ ಹೊಗೆ ಬಿಡುತ್ತಲೇ ಇರುತ್ತದೆ. ಎಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಒಳಗಿಂದ ಗಾಳಿ ರಪರಪ ದಬ್ಬುತ್ತದೆ. ಡಿಪ್‌ಸ್ಟಿಕ್ ಸಂದಿಯಿಂದಲೂ ಹೊಗೆ ಬರುತ್ತದೆ.

ಈಗ ನಿಮ್ಮ ಅಂಕಿಗಳಿಗೆ ಬರೋಣ. 150 ಕಡಿಮೆ ಅಂತ ಗಾಬರಿ ಬೇಡ. ಹಾಸನ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಗಾಳಿಯೇ ತೆಳು, ಮಂಗಳೂರಿಗಿಂತ ಗೇಜ್ ಸುಮಾರು ಶೇ 10 ಕಡಿಮೆ ತೋರಿಸುತ್ತದೆ. ನೋಡಬೇಕಾದ್ದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಅಕ್ಕಪಕ್ಕದ ಎರಡು ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗೆ ಸಂದಿ ಮುಚ್ಚುವ ತೆಳು ಹಾಳೆ) ಅನ್ನಬಹುದಿತ್ತು. ಇಲ್ಲಿ ನಡುವಿನದು ಒಂದೇ ಬಿದ್ದಿದೆ. ಹಾಗಾಗಿ ಹೆಚ್ಚಾಗಿ ವಾಲ್ವ್ ಅಥವಾ ರಿಂಗ್.

ಇದನ್ನು ತೀರ್ಮಾನಿಸಲು ಎಂಜಿನ್ ಇಳಿಸಬೇಕಿಲ್ಲ. ಎಂಜಿನ್ ಬಿಸಿ ಮಾಡಿ, ಮೂರೂ ಪ್ಲಗ್ ಬಿಚ್ಚಿ, ಪೆಟ್ರೋಲ್ ಮತ್ತು ಸ್ಪಾರ್ಕ್ ಎರಡನ್ನೂ ಕಟ್ ಮಾಡಿಸಿ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಮತ್ತೊಮ್ಮೆ ಕಂಪ್ರೆಷನ್ ನೋಡಿ. ಒತ್ತದೆ ನೋಡಿದರೆ, ಬ್ಯಾಟರಿ ಸೊರಗಿದ್ದರೆ ಒಳ್ಳೇ ಎಂಜಿನ್ನೂ ಫೇಲ್ ಆಗುತ್ತದೆ! ಆಮೇಲೆ ಎರಡನೇ ಸಿಲಿಂಡರ್‌ಗೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಇನ್ನೊಮ್ಮೆ ನೋಡಿ. ಜಾಸ್ತಿ ಬೇಡ, ಎಣ್ಣೆಯೇ ಜಾಗ ತುಂಬಿ ಸುಳ್ಳು ಅಂಕಿ ಬರುತ್ತದೆ. 110 ಇದ್ದದ್ದು 140ಕ್ಕೆ ಹಾರಿದರೆ ಎಣ್ಣೆ ರಿಂಗ್ ಸಂದಿಯನ್ನು ಮುಚ್ಚಿತು ಎಂದರ್ಥ, ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಅಲ್ಲೇ ನಿಂತರೆ ವಾಲ್ವ್. ವಾಲ್ವ್ ಒತ್ತುವ ಟ್ಯಾಪೆಟ್ ಬಿಗಿಯಾಗಿದ್ದರೂ ಹೀಗಾಗುತ್ತದೆ. (ಡೀಸೆಲ್ ಗಾಡಿಯಲ್ಲಿ ಈ ಪ್ರಯೋಗ ಬೇಡ. ಎಣ್ಣೆ ಜಾಸ್ತಿಯಾದರೆ ಕನೆಕ್ಟಿಂಗ್ ರಾಡೇ ಬಾಗೀತು.)

ಈ ಚಮಚ ಎಣ್ಣೆ ಉಳಿಸಲು ಹೋಗಿ ನಾನೇ ಒಮ್ಮೆ ಸುಮ್ನೆ ಎಂಜಿನ್ ಬಿಚ್ಚಿಸಿದ್ದೆ. ಬೋರ್ ಒಳಗೆ ಹೋನಿಂಗ್‌ನ (ಹೊಸದರಲ್ಲಿ ಗೋಡೆಯನ್ನು ಕಲ್ಲಿನಿಂದ ಉಜ್ಜುವ ಕೆಲಸ) ಅಡ್ಡಗೆರೆಗಳು ಹೊಸದರಂತೆ ಇದ್ದವು. ಸುಟ್ಟಿದ್ದು ಒಂದು ಎಕ್ಸಾಸ್ಟ್ ವಾಲ್ವ್.

ಹೆಡ್ ಬಿಚ್ಚಲೇಬೇಕಾಗಿ ಬಂದರೆ ನೀವೂ ಹೋಗಿ ಪಕ್ಕದಲ್ಲಿ ನಿಲ್ಲಿ. ಬೋರ್‌ನ ಮೇಲ್ತುದಿಯ ಕರಿ ಕೆರೆಸಿ, ಉಗುರನ್ನು ಗೋಡೆಯ ಮೇಲೆ ಕೆಳಗಿಂದ ಮೇಲಕ್ಕೆ ಎಳೆಯಿರಿ. ಒಂದು ಮೆಟ್ಟಿಲು ತಡೆಯುತ್ತದೆಯೇ? ಮೇಲಿನ ರಿಂಗ್ ತಿರುಗಿ ಕೆಳಗಿಳಿಯುವ ಜಾಗ ಅದು. ಪಿಸ್ಟನ್ ಅಲ್ಲಿ ಕ್ಷಣ ನಿಲ್ಲುತ್ತದೆ, ಎಣ್ಣೆಯ ಪದರ ಹರಿಯುತ್ತದೆ, ಉರಿಯ ಒತ್ತಡ ರಿಂಗನ್ನು ಗೋಡೆಗೆ ಅದುಮುತ್ತದೆ. ಸವೆತ ಶುರುವಾಗುವುದೇ ಅಲ್ಲಿ. ಏರ್ ಫಿಲ್ಟರ್ ಬದಲಿಸದೆ ಮಣ್ಣುರಸ್ತೆಯಲ್ಲಿ ಓಡಿದ ಗಾಡಿಯಲ್ಲಂತೂ ಅದು ಚೆನ್ನಾಗಿ ಸಿಗುತ್ತದೆ.

ಎಷ್ಟು ಸವೆದಿದೆ ಅಂತ ತಿಳಿಯಲು ಬೋರ್ ಗೇಜೇ ಬೇಕೆಂದಿಲ್ಲ. ಪಿಸ್ಟನ್ ಹೊರತೆಗೆದ ಮೇಲೆ ಒಂದು ರಿಂಗನ್ನು ಖಾಲಿ ಬೋರ್‌ಗಿಟ್ಟು, ಬೋರಲು ಹಿಡಿದ ಪಿಸ್ಟನ್ನಿಂದ ಸೊಟ್ಟಗಾಗದಂತೆ ತಳ್ಳಿ. ಮೆಟ್ಟಿಲ ಸ್ವಲ್ಪ ಕೆಳಗೆ ಒಮ್ಮೆ, ಸವೆಯದ ತಳಭಾಗದಲ್ಲಿ ಒಮ್ಮೆ, ರಿಂಗ್ ಬಾಯಿಯ ಸಂದಿಯನ್ನು ಫೀಲರ್ ಗೇಜ್‌ನಿಂದ (ಸಂದಿ ಅಳೆಯುವ ತೆಳು ತಗಡುಗಳು) ಅಳೆಯಿರಿ. ಮೇಲೆ 0.62 ಮಿ.ಮೀ., ಕೆಳಗೆ 0.30 ಬಂತು ಅನ್ನಿ. ವ್ಯತ್ಯಾಸ 0.32. ಸುತ್ತಳತೆಯಿಂದ ವ್ಯಾಸಕ್ಕೆ ಬರಲು ಅದನ್ನು 3.14ರಿಂದ ಭಾಗಿಸಿ. ಮೇಲ್ಭಾಗ ಸುಮಾರು 0.1 ಮಿ.ಮೀ. ಅಗಲವಾಗಿದೆ. 68.5 ಮಿ.ಮೀ. ಬೋರ್‌ಗೆ ಇದು ಜಾಸ್ತಿಯೇ. ಲೇತ್‌ಗೆ ಕೊಟ್ಟು ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕು. ಅಂಥ ಬೋರ್‌ಗೆ ಬರೀ ಹೊಸ ರಿಂಗ್ ಹಾಕಿದರೆ ಕೆಲವೇ ತಿಂಗಳಲ್ಲಿ ಹೊಗೆ ವಾಪಸ್ ಬರುತ್ತದೆ.

ಪಿಸ್ಟನ್ ನೋಡುವುದು ಸುಲಭ. ಪಕ್ಕದ ಗೋಡೆಗೆ ಉದ್ದುದ್ದ ಗೀರು ಬಿದ್ದಿದ್ದರೆ, ಹೊಸ ರಿಂಗ್ ಕೂಡ ಪಿಸ್ಟನ್ನಿನ ತೋಡಿನಲ್ಲಿ ಲೊಡಲೊಡ ಆಡಿದರೆ ಅದು ಮುಗಿದಂತೆ. ತಣ್ಣಗಿದ್ದಾಗ ಟಕಟಕ ಬಡಿದು ಬಿಸಿಯಾದ ಮೇಲೆ ಸುಮ್ಮನಾಗುವುದೂ ಸವೆದ ಪಿಸ್ಟನ್ನಿನ ಗುಣ. ಅಲ್ಯುಮಿನಿಯಂ ಬಿಸಿಗೆ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗಿ ಸಂದಿ ಮುಚ್ಚುತ್ತದೆ, ಅಷ್ಟೇ.

ಎಣ್ಣೆ ಹಾಕಿದ ಮೇಲೂ 110ರಲ್ಲೇ ನಿಂತರೆ ಹೆಡ್ ಕೆಲಸದ ಖರ್ಚನ್ನು ಕಳೆದು ಬೆಲೆ ಕೇಳಿ. 140ಕ್ಕೆ ಹಾರಿದರೆ, ಇಲ್ಲವೇ ಮಾರುವವರು ಪ್ಲಗ್ ಬಿಚ್ಚಲೇ ಬಿಡದಿದ್ದರೆ, ನಾನಾದರೆ ಬೇರೆ ಗಾಡಿ ನೋಡುತ್ತಿದ್ದೆ. ಆಲ್ಟೊಗೇನು ಬರವೇ, ಅಲ್ವಾ?