ಕುಚ್ಚಿನ ಎಸಳು ಕಿತ್ತು ಬರುತ್ತಿದ್ದರೆ

ಮೆಷಿನ್ ಎಂಬ್ರಾಯ್ಡರಿ ಹೂವಿಗೆ ಕುಚ್ಚು (ಎದ್ದು ನಿಲ್ಲುವ ಎಳೆಗಳು) ಬಿಡಿಸಲು ಹೋದರೆ ದಾರವೆಲ್ಲ ಕಿತ್ತು ಬರುತ್ತಿದೆ ಅಂದಿರಿ ಅಲ್ವಾ? ಎಸಳಿನ ಒಳ ಅಂಚಿನ ಸಾಲು ಬಿಟ್ಟುಹೋಗಿರಬೇಕು. ಅಗಲವಾದ ಸ್ಯಾಟಿನ್ ಹೊಲಿಗೆ (ಒತ್ತೊತ್ತಾಗಿ ಅಂಚಿನಿಂದ ಅಂಚಿಗೆ ಬೀಳುವ ಹೊಲಿಗೆ) ಮುಗಿದ ಮೇಲೆ, ಅದರ ಒಳ ಅಂಚಿನ ಮೇಲೆ ಕಿರಿದಾದ ಇನ್ನೊಂದು ಸಾಲು ಬೀಳಲೇಬೇಕು. ಕುಚ್ಚನ್ನು ಹಿಡಿದಿಡುವುದು ಅದೇ. ಆಮೇಲೆ ಬಟ್ಟೆ ತಿರುಗಿಸಿ, ಹೊರ ಅಂಚಿನ ಬಾಬಿನ್ ದಾರವನ್ನು (ಹಿಂಬದಿಯಲ್ಲಿ ಕಾಣುವ ಕೆಳಗಿನ ದಾರ) ಮಾತ್ರ ಕತ್ತರಿಸಿ. ಮೇಲಿನ ದಾರ ಮುಟ್ಟಬೇಡಿ. ಬಾಬಿನ್‌ಗೆ ಬೇರೆ ಬಣ್ಣ ಹಾಕಿದರೆ ಗುರುತು ಸಿಗುತ್ತದೆ. ಈಗ ಮುಂದಿನಿಂದ ಸೂಜಿಯಲ್ಲಿ ನಿಧಾನವಾಗಿ ಎಬ್ಬಿಸಿದರೆ ಎಳೆಗಳು ಕುಣಿಕೆಯಾಗಿ ಮೇಲೆ ಬರುತ್ತವೆ, ನೋಡೋಕೆ ತುಂಬಾ ಚೆಂದ!

ಡಿಸೈನ್ ನೀವೇ ಮಾಡಿದ್ದರೆ ಸಾಫ್ಟ್‌ವೇರ್‌ನಲ್ಲಿ ಆಟೋ ಸ್ಪ್ಲಿಟ್ ಆಫ್ ಮಾಡಿ. ಅಗಲ ಜಾಸ್ತಿಯಾದಾಗ ಅದು ನಡುವೆಯೂ ಸೂಜಿ ಇಳಿಸುತ್ತದೆ. ಹಾಗಾದರೆ ಎಳೆ ಏಳುವುದೇ ಇಲ್ಲ. ಕೊನೆಗೆ ಹಿಂಬದಿಗೆ ಇಸ್ತ್ರಿಯಿಂದ ಅಂಟುವ ಫ್ಯೂಸಿಂಗ್ ಬಟ್ಟೆ ಹಾಕಿ.